ತಾಟಿನಂಚಿಗೆ ಕರಿ ಅನ್ನ

ಕಾಳು ತುಂಬಿಡುವ ಗುಮ್ಮಿಯ ಬಾಯೊಳಗೆ ಹೆಗಲವರೆಗೆ ಕೈ ಇಳಿಬಿಟ್ಟು ತಡಕಾಡಿದ ತಾರವ್ವನಿಗೆ ಒಣಗಿದ ಬೇವಿನೆಲೆ ಬಿಟ್ಟರೆ ಮತ್ತೇನೂ ಸಿಗಲಿಲ್ಲ. ಕರಿ ನೆಲ್ಲಿನ ಎರಡು ಗಂಟು ಇಟ್ಟಿದ್ದಳು. ದೊಡ್ಡದು ತಿನ್ನಲಿಕ್ಕೆ, ಸಣ್ಣದು ಬಿತ್ತಲಿಕ್ಕೆ. ಯಾರೂ ಅಪ್ಪಿತಪ್ಪಿ ಬಿಚ್ಚಬಾರದೆಂದು ಸಣ್ಣದಕ್ಕೆ ಕೆಂಪು ಖಣದ ಚೂರು ಸುತ್ತಿದ್ದಳು. ಎರಡೂ ಇಲ್ಲ.

"ಸುಗಂಧಾನ ಅಪ್ಪಾ!"

ಆ ಕೂಗಿಗೆ ಎಮ್ಮೆ ಕೂಡ ಮೇವು ಬಿಟ್ಟು ಗೋಣೆತ್ತಿತು. ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ಭೀಮಸಿ ಮಾತ್ರ ಎತ್ತಲಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಅಷ್ಟು ಸಾಕು. ಕರೆದಾಗ ಗಂಡ ತಲೆ ಎತ್ತಲಿಲ್ಲವೆಂದರೆ ಏನೋ ಹಾಳು ಮಾಡಿ ಕೂತಿದ್ದಾನೆ ಎಂದೇ ಅರ್ಥ.

ಎಂಟು ತಿಂಗಳ ಬಸುರಿ ಮಗಳು ಸುಗಂಧಾಳನ್ನು ಬಾಣಂತನಕ್ಕೆ ಕರೆತರಲು ತಾರವ್ವ ಮೊನ್ನೆ ಅವಳ ಗಂಡನೂರು ಪಾಲಬಾವಿಗೆ ಹೋಗಿದ್ದಳು. ಇವತ್ತು ಬೆಳಿಗ್ಗೆ ಕುಡಚಿಯಲ್ಲಿ ರೈಲು ಹತ್ತಿ, ಉಗಾರದಲ್ಲಿ ಇಳಿದು, ಟಾಂಗಾ ಮಾಡಿಕೊಂಡು ಬಂದು ಇನ್ನೂ ಕಾಲಿಗೆ ನೀರು ಹಾಕಿಕೊಂಡಿರಲಿಲ್ಲ. ಮಗಳು ಕಟ್ಟೆಯ ಮೇಲೆ ಕೂತು ಬೆನ್ನು ನೀವಿಕೊಳ್ಳುತ್ತಿದ್ದಳು. ಮೊದಲು ಒಂದು ಹಿಡಿ ಕರಿ ನೆಲ್ಲು ಕುಟ್ಟಿ ನೆನೆಯಿಡೋಣ ಎಂದು ತಾಯಿ ಗುಮ್ಮಿಗೆ ಕೈ ಹಾಕಿದ್ದಳು.

"ಕರಿ ನೆಲ್ಲು ಎಲ್ಲಿ?"

"ಮೊದಲ ಕುಂದರು. ನೀರು ಕುಡಿ."

"ನೀರು ನನ್ನ ತಲಿ ಮ್ಯಾಲ ಸುರೀರಿ. ಎಲ್ಲಿ ಅಂದೆ?"

ಭೀಮಸಿ ಹಗ್ಗಕ್ಕೆ ಹೇಳುವವನಂತೆ ಹೇಳಿದ. "ದೊಡ್ಡಮನಿ ರಾವಸಾಹೇಬರು ಆಳ ಕಳಿಸಿದ್ರು. ಸಾಂಗಲಿ ಶೇಟಜಿ ಇವತ್ತ ಊಟಕ್ಕ ಬರ್ತಾರಂತ. ಹೋದ ವರ್ಷ ತಿಂದ ಕರಿ ಅನ್ನಾನ ಬೇಕಂದಾರಂತ. ಕೊಟ್ಟೆ."

"ದೊಡ್ಡ ಗಂಟು ಕೊಟ್ಟ್ರಿ. ಸಣ್ಣದು?"

"ಹನ್ನೆರಡು ಮಂದಿ ಅಂದ್ರು. ಸಾಲಂಗಿಲ್ಲ ಅಂತ..."

"ಬೀಜ ಕೊಟ್ಟ್ರಿ?" ತಾರವ್ವನ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. ಅವಳನ್ನು ಬಲ್ಲವರು ಕೂಗಾಟಕ್ಕೆ ಹೆದರುತ್ತಿರಲಿಲ್ಲ, ಈ ಸಣ್ಣ ದನಿಗೆ ಹೆದರುತ್ತಿದ್ದರು. "ಕೆಂಪು ಅರಿಬಿ ಸುತ್ತಿದ್ದು ಕಣ್ಣಿಗೆ ಕಾಣಲಿಲ್ಲೇನು?"

"ಪೈಪಿನ ನೀರು ಅವರದು ಐತಿ, ತಾರಾ. ನಮ್ಮ ಕಬ್ಬು ಅವರ ನೀರಿನ ಮ್ಯಾಲ ನಿಂತೈತಿ. ಇಲ್ಲ ಅನ್ನಾಕ ಬರತೈತೇನು?"

ಗೋಡೆಯಾಚೆಯಿಂದ ನೆರೆಮನೆಯ ಕಾಳವ್ವ ಇಣುಕಿ ನೋಡಿದಳು. ತಾರವ್ವ ಕಣ್ಣು ಕೆಕ್ಕರಿಸಿದ್ದಕ್ಕೆ ತಟ್ಟನೆ ತಲೆ ಒಳಗೆಳೆದುಕೊಂಡಳು.

ಕೃಷ್ಣಾ ದಂಡೆಯ ಉಗಾರ ಬುದ್ರುಕದವರಿಗೆ ಕಬ್ಬು ಗೊತ್ತು, ಜೋಳ ಗೊತ್ತು. ಅನ್ನವೆಂದರೆ ರೊಟ್ಟಿ ಮುಗಿದ ಮೇಲೆ ಸಾರಿಗೆ ಕಲಸಿಕೊಳ್ಳಲು ಒಂದಿಷ್ಟು, ಅದೂ ಮಲ್ಲಿಗೆಯಂತೆ ಬೆಳ್ಳಗಿರಬೇಕು. ತಾರವ್ವ ಖಾನಾಪುರದ ಕಡೆಯಿಂದ ಮದುವೆಯಾಗಿ ಬಂದಾಗ ಸೆರಗಿನ ತುದಿಯಲ್ಲಿ ಕರಿ ನೆಲ್ಲು ಕಟ್ಟಿಕೊಂಡು ಬಂದಿದ್ದಳು. ಹೊಳೆ ಕಡೆಯ ತುಂಡು ನೆಲ ಜವಳು ಹಿಡಿದಿತ್ತು. ಅಲ್ಲಿ ಕಬ್ಬು ಹಚ್ಚಿದರೆ ಬೇರೇ ಕೊಳೆಯುತ್ತಿತ್ತು. ಇವಳ ನೆಲ್ಲು ಮಾತ್ರ ಎದೆಯೆತ್ತರ ಬೆಳೆದು ನಿಂತಿತು. ಅವತ್ತಿನಿಂದ ಒಂದು ವರ್ಷವೂ ಬೀಜ ತಪ್ಪಿಸಿರಲಿಲ್ಲ. ತವರಿನಲ್ಲಿ ತಾಯಿ ಸತ್ತ ಮೇಲೆ ಅಣ್ಣಂದಿರು ಬಿಳಿ ತಳಿ ಹಾಕಿದರು. ಈಗ ಆ ಬೀಜ ಇದ್ದದ್ದು ತಾರವ್ವನ ಗುಮ್ಮಿಯಲ್ಲಿ ಮಾತ್ರ.

ಅದನ್ನು ಮಾಡುವುದಕ್ಕೂ ಒಂದು ರೀತಿಯಿತ್ತು. ಒಳ್ಳಿಗೆ ಹಾಕಿ ಒನಕೆಯಿಂದ ಮೇಲಿನ ಹೊಟ್ಟು ಹಾರುವಷ್ಟೇ ಕುಟ್ಟಬೇಕು, ಒಂದು ಪೆಟ್ಟು ಹೆಚ್ಚಾಗಬಾರದು. ರಾತ್ರಿ ನೆನೆಯಿಟ್ಟು, ಆ ನೀರು ಚೆಲ್ಲದೆ ಅದರಲ್ಲೇ ಸಣ್ಣ ಉರಿಯಲ್ಲಿ ಬೇಯಿಸಬೇಕು. ಗಡಿಗೆಯ ನೀರು ಬದನೆಕಾಯಿ ಬಣ್ಣಕ್ಕೆ ತಿರುಗಿ, ಅಕ್ಕಿ ಬಾಯಿ ಬಿಟ್ಟಾಗ ಉಪ್ಪು, ಕುಟ್ಟಿದ ಮೆಣಸು, ಒಂದು ಸೌಟು ತುಪ್ಪ. ಬಾಣಂತಿಗಾದರೆ ಬೆಳ್ಳುಳ್ಳಿ ಸುಟ್ಟು ಹಾಕಬೇಕು. ಹೊಟ್ಟೆ ತುಂಬಾ ಉಣ್ಣುವ ಅನ್ನವಲ್ಲ ಅದು. ಬಿಸಿ ರೊಟ್ಟಿ, ಪಲ್ಯದ ಜೊತೆ ತಾಟಿನಂಚಿಗೆ ಒಂದು ಹಿಡಿ. ಸುಗಂಧಾ ಹುಟ್ಟಿದಾಗ ತಾರವ್ವನ ತಾಯಿ ಬಂದು ನಲವತ್ತು ದಿನ ಹಾಗೆ ಉಣಿಸಿದ್ದಳು. ತಾರವ್ವ ತನ್ನ ಮಗಳಿಗೂ ಹಾಗೇ ಉಣಿಸಬೇಕೆಂದು ಕಾದಿದ್ದಳು. ರೋಹಿಣಿ ಮಳೆಗೆ ಹದಿನೈದು ದಿನವೂ ಉಳಿದಿರಲಿಲ್ಲ, ಆ ಮಳೆಗೆ ಬೀಜವನ್ನೂ ಬಿತ್ತಬೇಕಿತ್ತು.

ಹಾಳಾದದ್ದು ಹೋದ ವರ್ಷವೇ. ರಾವಸಾಹೇಬರ ದ್ರಾಕ್ಷಿ ತೋಟದಲ್ಲಿ ಸಾಂಗಲಿಯ ಬೇದಾಣೆ, ಅಂದರೆ ಒಣದ್ರಾಕ್ಷಿ, ವ್ಯಾಪಾರಿ ನೇಮಿನಾಥ ಶೇಟಜಿಗೆ ಊಟವಿತ್ತು. ರೊಟ್ಟಿ ಬಡಿಯಲು ಹೋದ ತಾರವ್ವ ತನ್ನ ಪಾಲಿಗೆಂದು ಸಣ್ಣ ಡಬ್ಬಿಯಲ್ಲಿ ಕರಿ ಅನ್ನ ಒಯ್ದಿದ್ದಳು. ಶೇಟಜಿ ಅದನ್ನು ಕಂಡು, ಕೇಳಿ ಹಾಕಿಸಿಕೊಂಡು ತಿಂದ. ಬೆರಳು ಚೀಪಿದ. ಅವತ್ತಿನಿಂದ ರಾವಸಾಹೇಬರು ಊರ ತುಂಬಾ "ನಮ್ಮ ತೋಟದ ಕರಿ ಅಕ್ಕಿ" ಎಂದು ಹೇಳಿಕೊಂಡು ತಿರುಗಿದರು. ನಮ್ಮ ತೋಟದ್ದಂತೆ! ಇವರ ತೋಟದಲ್ಲಿ ಯಾವಾಗ ಬೆಳೆದಿತ್ತೋ!

"ಇನ್ನೂ ಕುಟ್ಟಿರಲಿಕ್ಕಿಲ್ಲ," ಎಂದು ತಾರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಡೀರಿ. ದೊಡ್ಡ ಗಂಟು ತಿಂದು ಸಾಯಲಿ. ಬೀಜ ಇಸ್ಕೊಂಡು ಬರೋಣು."

"ಅವರು ನಿನ್ನಿ ಗಿರಣಿಗೆ ಹಾಕ್ಸ್ಯಾರ," ಎಂದ ಭೀಮಸಿ.

ತಾರವ್ವ ಚಪ್ಪಲಿ ಕೂಡ ಮೆಟ್ಟದೆ ಹೊರಟಳು. ಭೀಮಸಿ ಹತ್ತು ಹೆಜ್ಜೆ ಹಿಂದೆ ಉಳಿದು ನಡೆದ.

ದೊಡ್ಡಮನೆಯ ಹಿತ್ತಲ ಬಾಗಿಲಲ್ಲಿ ರಾವಸಾಹೇಬರ ಹೆಂಡತಿ ಕಸ್ತೂರೆವ್ವ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ಜಗಳ ಮಾಡಲು ಬಂದ ತಾರವ್ವನ ಮೇಲೆ ಅವಳೇ ಮೊದಲು ಬಿದ್ದಳು.

"ಬಂದ್ಯಾ? ಬಾ ಬಾ, ನಿನ್ನ ದಾರೀನ ನೋಡಾಕತ್ತಿದ್ದೆ. ಏನಬೇ, ನಮಗ ಟೋಪಿ ಹಾಕ್ತೀರೇನು ಗಂಡಾ ಹೆಂಡ್ತಿ? ಕರಿ ನೆಲ್ಲು ಅಂತ ಕೊಟ್ಟು ಕಳಿಸೀರಿ, ಒಳಗ ಬಿಳೇ ಅಕ್ಕಿ! ನೋಡಿಲ್ಲಿ!"

ಆಳುಮಗಳು ಮೊರ ತಂದಿಟ್ಟಳು. ಬೆಳ್ಳನೆಯ ಅಕ್ಕಿ. ತಾರವ್ವ ಕೂತು ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದಳು. ಕಾಳಿನ ಬೆನ್ನ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ, ಅಲ್ಲೊಂದರಲ್ಲಿ ಇಲ್ಲೊಂದರಲ್ಲಿ. ಏನಾಗಿದೆ ಎಂದು ತಿಳಿದಾಗ ಅವಳ ಮೈಯೆಲ್ಲ ಉರಿದುಹೋಯಿತು.

"ಎಷ್ಟು ಸಲ ಹಾಕ್ಸೀರಿ ಅಕ್ಕಾರ?"

"ಎಷ್ಟು ಸಲ ಅಂದ್ರ? ಎಲ್ಲಾರೂ ಹಾಕ್ಸೂವಂಗ ಮೂರು ಸಲ. ತೌಡು ಹತ್ತಿದ ಅಕ್ಕಿ ನಾವು ಪಾವಣ್ಯಾರಿಗೆ ನೀಡ್ತೀವೇನು? ಎರಡು ಸಲ ಆದ ಮ್ಯಾಲ ಗಿರಣಿಯಾಂವ, ಇದು ಸ್ವಚ್ಛ ಆಗವಲ್ದು, ಇನ್ನೊಂದು ಸಲ ಹಾಕ್ತೀನಿ ಅಂದ. ಹಾಕು ಅಂದೆ. ಬೆಳ್ಳಗ ಬಂತು."

"ಕರೇದು ಆ ತೌಡಿನಾಗ ಇತ್ರಿ!" ತಾರವ್ವ ಮೊರ ಬಡಿದಳು. ಅಕ್ಕಿ ಹಾರಿತು. "ಅಕ್ಕಿ ಮ್ಯಾಲಿನ ತೊಗಲು ಕರೇದು. ಒಳಗ ಎಲ್ಲಾ ಅಕ್ಕೀನೂ ಬೆಳ್ಳಗ. ಮೂರು ಸಲ ತೊಗಲು ಸುಲಿದು, ಟೋಪಿ ಹಾಕಿದ್ರಿ ಅಂತೀರಿ ನನಗ! ಇಪ್ಪತ್ತಾರು ವರ್ಷ ಕಣ್ಣಾಗ ಎಣ್ಣಿ ಬಿಟ್ಕೊಂಡು ಉಳಿಸಿದ ಬೀಜ್ರಿ ಅದು. ನಿಮ್ಮ ಒಂದು ಊಟಕ್ಕ ನುಣ್ಣಗ ಮಾಡಿ ಕುಂತೀರಿ!"

ಅಷ್ಟರಲ್ಲಿ ಒಳಗಿನಿಂದ ರಾವಸಾಹೇಬರು ಬಂದರು. ಇಸ್ತ್ರಿ ಮಾಡಿದ ಧೋತರ, ತಲೆಗೆ ಗಾಂಧಿ ಟೋಪಿ, ಹಣೆಯ ಮೇಲೆ ಬೆವರು.

"ದನಿ ಯಾಕ ಏರಸ್ತಿ? ಹನ್ನೆರಡು ಗಂಟೆಕ್ಕ ಶೇಟಜಿ ಬರ್ತಾರ. ನಾ ಫೋನಿನಾಗ ಹೇಳೀನಿ, ನಮ್ಮ ತೋಟದ ಕರಿ ಅನ್ನ ಸೈಡ್ ಡಿಶ್ ಮಾಡಿಸೀನಿ ಅಂತ. ನೀ ಏನ ಮಾಡ್ತೀಯೋ ಗೊತ್ತಿಲ್ಲ, ತಾಟಿನಾಗ ಕರೇ ಅನ್ನ ಕಾಣಬೇಕು. ಇಲ್ಲಾಂದ್ರ ಭೀಮಸಿ ನೆಲ್ಲು ಬದಲಿ ಮಾಡ್ಯಾನ ಅಂತ ನಾಲ್ಕು ಮಂದ್ಯಾಗ ನಾನ ಹೇಳ್ತೀನಿ. ಆಮ್ಯಾಲ ನೀರಿನ ಪಾಳಿ ನೋಡಿಕೋರಿ."

ಭೀಮಸಿ ಬೇಲಿಯ ಬಳಿ ಕೈ ಮುಗಿದುಕೊಂಡು ನಿಂತಿದ್ದ. ಆ ಮುಗಿದ ಕೈ ನೋಡಿ ತಾರವ್ವನಿಗೆ ರಾವಸಾಹೇಬರಿಗಿಂತ ಅವನ ಮೇಲೇ ಹೆಚ್ಚು ಸಿಟ್ಟು ಬಂತು. ಕಳ್ಳನ ಪಟ್ಟ ಕಟ್ಟಿದರೂ ಕೈ ಮುಗಿಯುತ್ತಾನಲ್ಲ ಈ ಗಂಡಸು! ಏನೋ ಹೇಳಲು ಬಾಯಿ ತೆರೆದಳು. ಆಗ ಮೊರದೊಳಗೆ ಒಂದು ಕಾಳು ಕಣ್ಣಿಗೆ ಬಿತ್ತು. ಕಂದು ಬಣ್ಣದ್ದು, ತುದಿ ಚೂಪು. ಹೊಟ್ಟು ಸುಲಿಯದ ಇಡೀ ನೆಲ್ಲು. ಮೂರು ಸಲವೂ ಗಿರಣಿಗೆ ತಪ್ಪಿಸಿಕೊಂಡು ಬಂದಿತ್ತು.

ತಾರವ್ವ ಅಕ್ಕಿಯಲ್ಲಿ ಬೆರಳಾಡಿಸಿದಳು. ಇನ್ನೊಂದು ಸಿಕ್ಕಿತು.

"ಮಾಡ್ತೀನ್ರಿ," ಎಂದಳು. "ಕರೇದ ನೀಡ್ತೀನಿ. ಆದ್ರ ನೆಲ್ಲು ಆರಿಸದ ಅಕ್ಕಿ ನಾ ಒಲಿ ಮ್ಯಾಲ ಇಡಂಗಿಲ್ಲ. ಶೇಟಜಿ ಹಲ್ಲಾಗ ಸಿಕ್ಕರ ನಿಮ್ಮ ಮಾನ ಹೋಗ್ತೈತಿ. ಇದ್ದ ಅಕ್ಕಿ ಅಷ್ಟೂ ತರ್ರಿ. ಎಲ್ಲಾರೂ ಕುಂದರ್ರಿ."

ಮಾನ ಎಂಬ ಮಾತಿಗೆ ದೊಡ್ಡಮನೆ ಬಾಗಿತು. ಪಡಸಾಲೆಯಲ್ಲಿ ನಾಲ್ಕು ಮೊರ ಬಂದವು. ಕಸ್ತೂರೆವ್ವ ಬಳೆ ಹಿಂದೆ ಸರಿಸಿಕೊಂಡು ಒಂದಕ್ಕೆ ಕೂತಳು, ಆಳುಮಗಳು ಒಂದಕ್ಕೆ, ತಾರವ್ವ ಒಂದಕ್ಕೆ. ನಾಲ್ಕನೆಯದನ್ನು ಅವಳು ಗಂಡನ ಮುಂದೆ ದೂಡಿದಳು.

"ನಾನಾ?" ಎಂದ ಭೀಮಸಿ, ಮೀಸೆ ಮುಟ್ಟಿಕೊಂಡು.

"ಕೊಟ್ಟಾವ್ರ ಆರಿಸಬೇಕು. ಒಂದು ಕಾಳು ಬಿಟ್ಟರೂ ಗೊತ್ತಾಗ್ತೈತಿ ನನಗ."

ಆರಿಸಿದ ನೆಲ್ಲನ್ನೆಲ್ಲ ತಾರವ್ವ ತನ್ನ ಮುಂದಿನ ವಾಟಿಗೆ ಹಾಕಿಸಿದಳು. ಕಸ್ತೂರೆವ್ವ ಎರಡು ಮೂರು ಕಾಳು ಅಂಗಳಕ್ಕೆ ಎಸೆದಾಗ ಎದ್ದು ಹೋಗಿ ಮಣ್ಣಲ್ಲಿ ಹುಡುಕಿ ತಂದಳು. "ಕೋಳಿ ತಿಂತಾವ ಬಿಡು," ಎಂದಳು ಕಸ್ತೂರೆವ್ವ. "ನಿಮ್ಮ ಕೋಳಿ ತಿಂದದ್ದು ಸಾಕ್ರಿ," ಎಂದಳು ತಾರವ್ವ. ಒಂದೂವರೆ ತಾಸಿನ ಮೇಲೆ ವಾಟಿಯ ತಳ ಮುಚ್ಚುವಷ್ಟಾಯಿತು. ಮುಕ್ಕಾದ ಕಾಳು ಬೇರೆ ಮಾಡಿ, ಇಡಿಯವನ್ನು ಸೆರಗಿನ ತುದಿಗೆ ಕಟ್ಟಿದಳು. ಅರ್ಧ ಹಿಡಿ ಆದೀತು. ಎರಡು ಪಾಯಲಿ ಅಳತೆಯ ನೆಲ್ಲಿನಲ್ಲಿ ಉಳಿದದ್ದು ಅಷ್ಟೇ.

"ಈಗ ತೌಡು ಎಲ್ಲೈತಿ ಹೇಳ್ರಿ."

ತೌಡು ಗೋದಲಿಯ ಪಕ್ಕದ ಬುಟ್ಟಿಯಲ್ಲಿತ್ತು, ಸಂಜೆ ಎಮ್ಮೆಗೆ ಕುದಿಸಲೆಂದು. ಮೊದಲ ಸಲದ ಹೊಟ್ಟು ಬೇರೆ, ಎರಡು ಮತ್ತು ಮೂರನೇ ಸಲದ ನುಣ್ಣನೆ ತೌಡು ಬೇರೆ. ಅದರ ಬಣ್ಣ ನೋಡಬೇಕಿತ್ತು. ತಾರವ್ವನ ತಾಯಿಯ ಗಡಿಗೆಯ ಬಣ್ಣ. ಅವಳು ಒಂದು ಸೇರಿನಷ್ಟು ಸಾಣಿಸಿ, ಹುರಿದು, ನೀರಿಗೆ ಹಾಕಿ, ಎಮ್ಮೆಗೆ ಕುದಿಸುವ ಹಾಗೇ ಕುದಿಸಿದಳು. ಉಪ್ಪು, ಮೆಣಸು, ತುಪ್ಪ ಹಾಕಿದಳು. ಬಿಳಿ ಅಕ್ಕಿಯನ್ನು ಬೇರೆ ಬೇಯಿಸಿದಳು. ಕಸ್ತೂರೆವ್ವ ಬಂದು ಮುಚ್ಚಳ ತೆರೆದು ನೋಡಿ, ಕರ್ರಗೆ ಕಂಡದ್ದಕ್ಕೆ ಸಮಾಧಾನಪಟ್ಟು ಹೋದಳು.

ಊಟಕ್ಕೆ ಪಂಕ್ತಿ ಕೂತಿತು. ನೇಮಿನಾಥ ಶೇಟಜಿ ನಡುವೆ, ಪಕ್ಕದಲ್ಲಿ ರಾವಸಾಹೇಬರು, ಉಳಿದ ಹತ್ತು ಮಂದಿ ಎರಡೂ ಕಡೆ. ರೊಟ್ಟಿ ಬಂತು, ಹೆಸರುಕಾಳಿನ ಪಲ್ಯ ಬಂತು, ಶೇಂಗಾ ಚಟ್ನಿ, ಕೆನೆ ಮೊಸರು ಬಂತು.

"ಈಗ ನಮ್ಮ ತೋಟದ ಕರಿ ಅಕ್ಕಿ ನೋಡ್ರಿ ಶೇಟಜೀ," ಎಂದರು ರಾವಸಾಹೇಬರು. "ನಾವ ಬೀಜ ಹಿಡಿದು ಬೆಳಸ್ತೀವಿ. ಏ, ನೀಡು!"

ತಾರವ್ವ ಬಂದು ಶೇಟಜಿಯ ತಾಟಿನಂಚಿಗೆ ಒಂದು ಹಿಡಿ ಬಿಳಿ ಅನ್ನ ಹಾಕಿದಳು. ಸಾಲಿನಲ್ಲಿ ಎಲ್ಲರಿಗೂ ಬಿಳಿ ಅನ್ನವನ್ನೇ ಹಾಕಿದಳು. ಕಡೆಗೆ ರಾವಸಾಹೇಬರ ಮುಂದೆ ನಿಂತು, ಇನ್ನೊಂದು ಪಾತ್ರೆಯಿಂದ ಕರ್ರನೆಯ ಮುದ್ದೆಯನ್ನು ಸೌಟಿನ ತುಂಬ ಎತ್ತಿ ಅವರ ತಾಟಿನ ನಡುವೆ ಬಡಿದಳು.

"ಹೇ ಕಾಯ?" ಎಂದ ಶೇಟಜಿ. "ಏನಿದು? ಬಿಳೇ ಅನ್ನ ಐತಲ್ಲ? ಅವರಿಗೆ ಹಾಕಿದ್ದು ಏನು?"

"ಅದು ತೌಡ್ರಿ ಶೇಟಜೀ. ಎಮ್ಮಿಗೆ ಇಟ್ಟಿದ್ದು. ಸಾವಕಾರ್ರು ತಾಟಿನಾಗ ಕರೇದು ಕಾಣಬೇಕು ಅಂದ್ರು, ಕಾಣಿಸೀನಿ. ನಿಮ್ಮ ತಾಟಿನ್ಯಾಗ ಇರೂದು ನೀವು ಕೇಳಿದ ಕರಿ ಅಕ್ಕೀನರಿ. ಮೂರು ಸಲ ಗಿರಣಿಗೆ ಹಾಕ್ಸಿ ಬೆಳ್ಳಗ ಮಾಡ್ಯಾರ. ಬೆಳೆದಾಕಿ ನಾ. ಈ ಮನಿಯಾವ್ರು ಅದರ ಒಂದು ತೆನೀನೂ ನೋಡಿಲ್ಲ. ನೋಡಿದ್ರ ಗಿರಣಿಗೆ ಒಯ್ತಿದ್ದಿಲ್ಲ."

"ತಾರವ್ವಾ!" ಎಂದು ರಾವಸಾಹೇಬರು ಅರ್ಧ ಎದ್ದರು.

"ನನ್ನ ಗಂಡ ಬದಲಿ ಮಾಡ್ಯಾನ ಅಂತ ಹೇಳ್ತಿದ್ರೆಲ್ಲ? ನಾಲ್ಕು ಮಂದಿ ಕುಂತಾರ. ಈಗ ಹೇಳ್ರಿ."

ರಾವಸಾಹೇಬರು ಮತ್ತೆ ಕೂತರು. ಶೇಟಜಿ ಬಗ್ಗಿ ಪಕ್ಕದ ತಾಟನ್ನು ಮೂಸಿದ. ಬೆರಳ ತುದಿಯಲ್ಲಿ ಕರಿ ಮುದ್ದೆ ತೆಗೆದು ನಾಲಿಗೆಗೆ ಹಚ್ಚಿಕೊಂಡ.

"ಅರೇ, ಹೋದ ವರ್ಷದ ವಾಸನಿ ಇದ ಐತಿ! ಹಾಕವ್ವಾ, ನನಗೂ ಹಾಕು," ಎಂದು ತಾಟು ಮುಂದೆ ಒಡ್ಡಿದ. "ಮುಂದಿನ ವರ್ಷ ನಿನ್ನ ಕಡೆನ ತಗೊಂಡು ಹೋಗ್ತೀನಿ. ಬೀಜ ಐತೆಲ್ಲ?"

"ನೀವು ಉಣ್ಣಾಕತ್ತೀರಲ್ರಿ, ಅದ ಬೀಜ," ಎಂದಳು ತಾರವ್ವ.

ಶೇಟಜಿಯ ಕೈ ಅಲ್ಲೇ ನಿಂತಿತು. ತಾಟಿನಂಚಿನ ಬಿಳಿ ಅನ್ನವನ್ನು ಅವನು ಮತ್ತೆ ಮುಟ್ಟಲಿಲ್ಲ. ರಾವಸಾಹೇಬರು ಮಾತ್ರ ಪಕ್ಕದಲ್ಲಿ ಅತಿಥಿಯೇ ತೌಡು ತಿನ್ನುವಾಗ ತಾವು ಬಿಡಲಾರದೆ, ತುತ್ತಿಗೊಂದು ಗುಟುಕು ನೀರು ಕುಡಿಯುತ್ತ ಇಡೀ ಮುದ್ದೆ ನುಂಗಿದರು.

ಹೊರಡುವಾಗ ಹಿತ್ತಲ ಬಾಗಿಲಲ್ಲಿ ಕಸ್ತೂರೆವ್ವ ಅಡ್ಡ ನಿಂತಳು. ಮುಖ ಕೆಂಪಾಗಿತ್ತು. "ಸೆರಗಿನಾಗ ಏನು ಕಟ್ಟೀದಿ? ಬಿಚ್ಚು. ನಮ್ಮ ಮನಿ ಅಕ್ಕಿ ಅದು."

"ನಿಮ್ಮ ಮನಿ ಅಕ್ಕಿ ಬೆಳ್ಳಗ ಐತ್ರಿ, ಪಾತ್ರಿಯೊಳಗ ಐತಿ. ಇದು ನನ್ನ ಬೀಜ. ಮುಟ್ಟಿ ನೋಡ್ರಿ," ಎಂದಳು ತಾರವ್ವ. ಕಸ್ತೂರೆವ್ವ ಮುಟ್ಟಲಿಲ್ಲ.

ತೌಡಿನ ಬುಟ್ಟಿಯನ್ನು ತಾರವ್ವ ಗಂಡನ ತಲೆಯ ಮೇಲೆ ಹೊರಿಸಿದಳು. ಪಂಚಾಯ್ತಿ ಕಟ್ಟೆಯ ಮುಂದೆಯೇ ನಡೆಸಿಕೊಂಡು ಬಂದಳು.

"ನೀರು ಬಂದ್ ಮಾಡ್ತಾರ ನೋಡು," ಎಂದ ಭೀಮಸಿ ದಾರಿಯಲ್ಲಿ.

"ಮಾಡ್ಲಿ. ಜವಳು ನೆಲಕ್ಕ ಯಾರ ಪೈಪೂ ಬೇಕಿಲ್ಲ. ಕಬ್ಬಿಗೆ ನೀವು ಕೈ ಮುಗೀರಿ ಹೋಗಿ, ಚಂದಾಗಿ ಬರತೈತೆಲ್ಲ ನಿಮಗ."

ಮನೆಯಲ್ಲಿ ಸುಗಂಧಾ ರೊಟ್ಟಿ ಬಡಿದಿಟ್ಟಿದ್ದಳು. ತಾರವ್ವ ಒಂದಿಷ್ಟು ತೌಡು ಕುದಿಸಿ, ಆ ಗಂಜಿಗೆ ಬೆಳ್ಳುಳ್ಳಿ ಸುಟ್ಟು ಹಾಕಿ ಮಗಳ ತಾಟಿನಂಚಿಗೆ ಹಾಕಿದಳು. "ಈ ಸಲದ ಬಾಣಂತನಕ್ಕ ಇಷ್ಟ ನೋಡವ್ವ. ಎಮ್ಮಿ ಬಾಯಿಂದ ಕಸಗೊಂಡು ಬಂದೀನಿ," ಎಂದಳು. ಸಿಟ್ಟಿಗೆ ಕಣ್ಣಲ್ಲಿ ನೀರು ತುಂಬಿತ್ತು. ಸುಗಂಧಾ ರೊಟ್ಟಿ ಮುರಿದು ಅದ್ದಿ ತಿಂದಳು.

ಸೆರಗು ಬಿಚ್ಚಿ ಕಾಳನ್ನು ಮೊರದಲ್ಲಿ ಸುರಿದಾಗ ಭೀಮಸಿ ಬೇವಿನ ಸೊಪ್ಪು ಹಿಡಿದು ಬಂದ. "ತಾ, ನಾ ಕಟ್ಟಿ ಇಡ್ತೀನಿ."

"ನೀವು ಮುಟ್ಟಬ್ಯಾಡ್ರಿ."

ಅವನು ಸೊಪ್ಪನ್ನು ಅಲ್ಲೇ ಇಟ್ಟು ಹಿಂದೆ ಸರಿದ. ತಾರವ್ವ ಕಾಳುಗಳನ್ನು ಬೆರಳಿಂದ ಹರವಿದಳು. ಇಷ್ಟರಲ್ಲಿ ಎಷ್ಟು ಹುಟ್ಟುತ್ತದೋ, ಎಷ್ಟು ಗಿರಣಿಯ ಏಟಿಗೆ ಸತ್ತಿದೆಯೋ. ಒಂದು ಇಲಿ ಬಂದರೆ ಮುಗಿಯಿತು.

"ಬ್ಯಾರೆ ಯಾರ ಮನ್ಯಾಗರ ಈ ಬೀಜ ಇದ್ದಿದ್ರ ಇವತ್ತ ಇಸ್ಕೊಂಡು ಬರಾಕ ಬರ್ತಿತ್ತಲ್ಲ ಯವ್ವಾ," ಎಂದಳು ಸುಗಂಧಾ. "ನೀ ಯಾರಿಗೂ ಕೊಡಲಿಲ್ಲ."

ಹರಿಹಾಯಲು ತಾರವ್ವನಿಗೆ ಇನ್ನು ಯಾರೂ ಉಳಿದಿರಲಿಲ್ಲ. ಕಾಳವ್ವ ಎರಡು ಸಲ ಕೇಳಿದ್ದಳು. ಸೊಸೆ ಬಾಣಂತಿಯಾಗಿ ಎದೆಹಾಲು ಕಡಿಮೆಯಾದಾಗ ಗೋಡೆಯಾಚೆ ನಿಂತು, ಒಂದು ಹಿಡಿ ಬೀಜ ಕೊಡು ತಾರಾ, ನಮ್ಮದೂ ಜವಳು ನೆಲ ಐತಿ ಎಂದಿದ್ದಳು. ಅನ್ನ ಬೇಕಾದರೆ ದಿನಾ ಒಂದು ವಾಟಿ ಇಸಕೊಂಡು ಹೋಗು, ಬೀಜ ಮಾತ್ರ ಕೇಳಬೇಡ, ಅದು ನನ್ನ ತವರಿನದು ಎಂದಿದ್ದಳು ತಾರವ್ವ. ಏನು ಸೊಕ್ಕು! ಕೊಟ್ಟಿದ್ದರೆ ಇವತ್ತು ಗೋಡೆ ಹಾರಿ ಇಸಕೊಂಡು ಬರಬಹುದಿತ್ತು. ರಾವಸಾಹೇಬ ಒಂದು ಊಟಕ್ಕೆ ಬೀಜ ಕಳೆದ, ಭೀಮಸಿ ಹೆದರಿ ಕಳೆದ. ಅವರು ಕಳೆಯುವಂತೆ ಒಂದೇ ಗುಮ್ಮಿಯಲ್ಲಿ ಬಚ್ಚಿಟ್ಟವಳು ತಾನೇ. ತನ್ನ ಕೆನ್ನೆಗೆ ತಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು.

ಮೊರದ ಕಾಳನ್ನು ಬೆರಳಿಂದ ಮೂರು ಪಾಲು ಮಾಡಿದಳು. ಒಂದನ್ನು ತನಗೆಂದು ಇನ್ನೊಂದು ಖಣದ ಚೂರಿಗೆ ಕಟ್ಟಿದಳು. ಒಂದನ್ನು ಸುಗಂಧಾಳ ಮಡಿಲಿಗೆ ಹಾಕಿ, "ಇದು ಪಾಲಬಾವಿಗೆ," ಎಂದಳು. ಮೂರನೆಯದನ್ನು ಮುಷ್ಟಿಯಲ್ಲಿ ಹಿಡಿದು ಅಂಗಳ ದಾಟಿ ಹೋಗಿ ಕಾಳವ್ವನ ಕದ ದಬದಬ ಬಡಿದಳು.

ಕಾಳವ್ವ ಹೆದರಿ ಕದ ತೆರೆದಳು. "ಯಾಕ ತಾರಾ? ನಾ ಏನೂ ಅಂದಿಲ್ಲವ್ವ. ಸುಮ್ನ ನೋಡಿದ್ದೆ..."

"ಕೈ ಒಡ್ಡು," ಎಂದು ಗದರಿದಳು ತಾರವ್ವ.

ಕಾಳವ್ವ ಒಡ್ಡಿದಳು. ತಾರವ್ವ ಮುಷ್ಟಿ ಬಿಚ್ಚಿ ಕರಿ ನೆಲ್ಲನ್ನು ಅವಳ ಅಂಗೈಗೆ ಸುರಿದು, ಕೈಗೆ ಅಂಟಿದ ಒಂದು ಕಾಳನ್ನೂ ಉಗುರಿಂದ ಬಿಡಿಸಿ ಹಾಕಿದಳು.

"ರೋಹಿಣಿ ಮಳಿಗೆ ಬಿತ್ತು. ಗಿರಣಿಗೆ ಒಯ್ದೀ ಅಂದ್ರ ಕೊಂದುಬಿಡ್ತೀನಿ."